ಕೆಸೊಂಗಿನ ಅಡುಗೆಮನೆಯಲ್ಲಿ ಕಲಿತ ಮಾತು

ಕಲಬುರ್ಗಿ ಸ್ಟೇಶನ್

ನಮ್ಮತ್ತೆ ನನ್ನನ್ನು ಕೊರಿಯಾ ದೇಶಕ್ಕೆ ಕಳಿಸಿದ್ದು ರೊಟ್ಟಿ ಬಡಿಯಲಿಕ್ಕೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ದೇಶ ನೋಡುವ ಚಟಕ್ಕೆ ನಾನೇ ಗಂಡನ ತಲೆ ಕೆಡಿಸಿ ಹಡಗು ಹತ್ತಿದೆ ಎಂದು ಕಲಬುರ್ಗಿಯ ಗಾಜಿಪುರದ ನಮ್ಮ ಓಣಿಯ ಹೆಂಗಸರು ಇವತ್ತಿಗೂ ಆಡಿಕೊಳ್ಳುತ್ತಾರೆ. ಚಟ ಇರಲೇ ಇಲ್ಲ ಎಂದು ಹೇಳಲಾರೆ. ಆದರೆ ಕಮಲಾಪುರದ ಬಾಳೆತೋಟದಲ್ಲಿ ಹುಟ್ಟಿ, ಮದುವೆಯಾಗಿ ಕಲಬುರ್ಗಿಗೆ ಬಂದದ್ದನ್ನೇ ದೊಡ್ಡ ಪ್ರವಾಸ ಎಂದುಕೊಂಡಿದ್ದವಳಿಗೆ ಹಡಗಿನ ಕನಸು ಎಲ್ಲಿಂದ ಬೀಳಬೇಕು?

ನಮ್ಮದು ಗಿಡಮೂಲಿಕೆಯ ವ್ಯಾಪಾರ. ಶಹಾಬಜಾರದ ಸಂದಿಯೊಂದರಲ್ಲಿ ಅಂಗಡಿ. ಹಕೀಮರೂ ವೈದ್ಯರೂ ಒಂದೇ ಕಟ್ಟೆಯ ಮೇಲೆ ಕೂತು, ಅಶ್ವಗಂಧ ಮೂಸಿ ನೋಡುತ್ತ, ಒಬ್ಬರನ್ನೊಬ್ಬರು ಹಳಿಯುವ ಅಂಗಡಿ ಅದು. ಹೈದರಾಬಾದಿನ ಹಿರಿಯ ಹಕೀಮರೊಬ್ಬರು ಒಂದು ದಿನ ಮನುಷ್ಯನ ಹಾಗೆ ಕೈಕಾಲು ಚಾಚಿಕೊಂಡ ಒಣ ಬೇರೊಂದನ್ನು ತಂದು ತೋರಿಸಿದರು. ಅದರ ಹೆಸರು ಇನ್ಸಾಮ್, ಕೊರಿಯಾದಲ್ಲಿ ಬೆಳೆಯುತ್ತದೆ, ಹಾಸಿಗೆ ಹಿಡಿದ ಮುದುಕರನ್ನೂ ಎಬ್ಬಿಸಿ ಕೂಡಿಸುತ್ತದೆ ಎಂದರು. ಅವತ್ತಿನಿಂದ ನಮ್ಮ ಮನೆಯವರಿಗೆ ಅದೇ ಧ್ಯಾನ. ಬೊಂಬಾಯಿಯ ವ್ಯಾಪಾರಿಯೊಬ್ಬರ ಮೂಲಕ ಕೆಸೊಂಗ್ ಎಂಬ ಊರಿನ ಬೇರಿನ ಸಾಹುಕಾರರ ಪರಿಚಯವಾಯಿತು, ಹೊರಡುವುದು ನಿಶ್ಚಯವಾಯಿತು.

ಆಗ ನಮ್ಮತ್ತೆ ನಡುವೆ ಬಂದರು.

"ಶರಣ್ಯಾನ ಹೊಟ್ಟಿ ನನಗ ಗೊತ್ತದ. ಹೊರಗಿನ ಕೂಳು ಒಂದ್ ದಿನ ಉಂಡ್ರ ಎರಡ್ ದಿನ ಮಲಗ್ತಾನ. ಸೊಸಿ ಸಂಗಾಟ ಹೋಗ್ಲಿ. ಇಲ್ಲಂದ್ರ ಅವನೂ ಹೋಗೋದು ಬ್ಯಾಡ."

ಹಟಕ್ಕೆ ಕಾರಣವಿತ್ತು. ಹಿರಿಯ ಮಗನನ್ನು ಅವರು ಪ್ಲೇಗಿನಲ್ಲಿ ಕಳೆದುಕೊಂಡಿದ್ದರು. ಉಳಿದವರು ಇವರೊಬ್ಬರೇ. ಆ ಮನೆಯಲ್ಲಿ ಇವರು ಒಮ್ಮೆ ಸೀನಿದರೆ ಒಲೆಯ ಮೇಲೆ ಕಷಾಯ ಏರುತ್ತಿತ್ತು.

ಸ್ಟೇಶನ್ನಿಗೆ ಅತ್ತೆ ಬಂದರು. ಗಾಡಿ ಸೀಟಿ ಊದುವ ಹೊತ್ತಿಗೆ ಕಿಟಕಿಯ ಸರಳು ಹಿಡಿದು ಎರಡು ಮಾತು ಹೇಳಿದರು. ಮೊದಲನೆಯದು ಇಬ್ಬರಿಗೂ: "ಎಲ್ಲಿ ಉಂಡ್ರೂ ತಾಟಿನ್ಯಾಗ ಒಂದು ಅಗಳು ಬಿಡಬ್ಯಾಡ್ರಿ. ಮುಂದ ಬಂದ ಅನ್ನ ಪ್ರಸಾದ. ಪರದೇಶದಾಗ ನಮ್ಮ ಮಾನ ತಾಟಿನ್ಯಾಗೇ ಅದ." ಎರಡನೆಯದು ನನಗೊಬ್ಬಳಿಗೆ: "ಹ್ಯಾಂಗ ಕರಕೊಂಡು ಹೊಂಟಿ, ಹಂಗ ಕರಕೊಂಡು ಬಾ."

"ಹೋಗಿ ಬರ್ತೀವ್ರಿ ಅತ್ತಿ," ಎಂದೆ. ನಮ್ಮಲ್ಲಿ ಹೋಗುವವರು ಹೋಗುತ್ತೇವೆ ಎನ್ನುವುದಿಲ್ಲ, ಹೋಗಿ ಬರುತ್ತೇವೆ ಎನ್ನುತ್ತಾರೆ.

ನನ್ನ ಸೆರಗಿನಲ್ಲಿ ಆಗಲೇ ಒಂದು ಗಂಟಿತ್ತು. ಹಿಂದಿನ ದಿನ ಕಮಲಾಪುರಕ್ಕೆ ಹೋಗಿ ಅವ್ವನಿಗೆ ಹೇಳಿ ಬಂದಿದ್ದೆ. ಅವ್ವ ಕೆಂಪು ಬಾಳೆಯ ಒಂದು ಗೊನೆಯನ್ನೇ ಕಟ್ಟಿ ಕೊಟ್ಟು, ಸೆರಗಿನ ತುದಿಗೆ ತಾನೇ ಗಂಟು ಹಾಕಿ, "ಮರೀಬಾರದ್ದು ಏನರ ಇದ್ರ ಹಿಂಗ ಗಂಟ ಹಾಕ್ಕೊ. ಮೊದಲನೇದು ನಂದು," ಎಂದಿದ್ದಳು. ಬಾಳೆಹಣ್ಣು ಬೊಂಬಾಯಿ ದಾಟಲಿಲ್ಲ. ಗಂಟು ಕೊರಿಯಾದ ತನಕ ಬಂತು.

ಪುಸಾನ್

ಹಡಗಿನ ಕಥೆ ಬೇಡ. ಹೊಟ್ಟೆಯಲ್ಲಿದ್ದದ್ದೆಲ್ಲ ಸಮುದ್ರಕ್ಕೆ, ಇಷ್ಟೇ ಅದರ ಸಾರಾಂಶ. ಜಪಾನಿನಿಂದ ಇನ್ನೊಂದು ಚಿಕ್ಕ ಹಡಗು ಹತ್ತಿ ಪುಸಾನ್ ಬಂದರಿನಲ್ಲಿ ಇಳಿದಾಗ ಬೆಳಗಿನ ಚಳಿ ಮೂಗಿನ ತುದಿಯನ್ನು ಕತ್ತರಿಸುತ್ತಿತ್ತು.

ಅಲ್ಲಿಯ ಸುಂಕದವನು ನಮ್ಮ ಗಂಟು ಬಿಚ್ಚಿಸಿದ. ಒಳಗೆ ಬಿಳಿ ಅರಿವೆಯಲ್ಲಿ ಸುತ್ತಿದ ಖಡಕ್ ರೊಟ್ಟಿಯ ದೊಡ್ಡ ಅಟ್ಟಿ. ಅವನು ಒಂದನ್ನು ಎತ್ತಿ ಬೆಳಕಿಗೆ ಹಿಡಿದ. ಬೆರಳಿಂದ ಬಡಿದು ಕಿವಿ ಕೊಟ್ಟು ಕೇಳಿದ. ಇನ್ನೊಬ್ಬನನ್ನು ಕರೆದು ಅವನ ಕೈಗೂ ಕೊಟ್ಟ. ಇಬ್ಬರೂ ಸೇರಿ ಅದೇನೋ ಯಂತ್ರದ ಭಾಗ ಎಂದು ತೀರ್ಮಾನ ಮಾಡುವಂತೆ ಕಂಡಿತು. ನಾನು ತಡೆಯಲಾರದೆ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡು ಕಟಕಟ ಅಗಿದು ತೋರಿಸಿದೆ. ಅವರು ನಗಲಿಲ್ಲ, ಆದರೆ ಗಂಟು ಕಟ್ಟಿಕೊಳ್ಳಲು ಸನ್ನೆ ಮಾಡಿದರು.

ಬಂದರಿನಲ್ಲಿ ನನಗೆ ಕಂಡ ಒಂದು ಸಂಗತಿ ಹೇಳಬೇಕು. ಹಲಗೆಯ ಮೇಲಿನ ಬರಹ, ಅಧಿಕಾರಿಗಳ ಮಾತು ಎಲ್ಲ ಜಪಾನಿ. ಬೆನ್ನಿಗೆ ಕಟ್ಟಿಗೆಯ ಚೌಕಟ್ಟು ಕಟ್ಟಿಕೊಂಡು ಹೊರೆ ಹೊರುವ ಬಿಳಿಬಟ್ಟೆಯ ಹಮಾಲರು ತಮ್ಮತಮ್ಮಲ್ಲಿ ಆಡುವುದು ಬೇರೆಯೇ ಮಾತು. ನನಗೆ ಇದು ಹೊಸದೆನಿಸಲಿಲ್ಲ. ಕಚೇರಿಯಲ್ಲಿ ಉರ್ದು, ಒಲೆಯ ಮುಂದೆ ಕನ್ನಡ ಎಂದು ನಾವು ಬಾಳುತ್ತಿರಲಿಲ್ಲವೇ? ಆದ್ದರಿಂದ ನಾನು ಕಲಿಯುವುದಾದರೆ ಆ ಹಮಾಲರ ಮಾತನ್ನೇ ಕಲಿಯಬೇಕೆಂದು ಅಲ್ಲಿಯೇ ನಿಶ್ಚಯಿಸಿದೆ. ಅನ್ನ ಬೇಯುವುದು ಆ ಮಾತಿನಲ್ಲಿ.

ರೈಲಿನಲ್ಲಿ ಎದುರು ಕೂತ ಹೆಂಗಸೊಬ್ಬಳು ಗಂಟು ಬಿಚ್ಚಿ ಒಣ ಮೀನು ಕೊಟ್ಟಳು. ನಾವು ಲಿಂಗ ಕಟ್ಟಿದವರು, ಮೀನು ನೋಡಿಯೇ ಹಿಂದೆ ಸರಿದೆವು. ಅವಳು ಬೇಸರಪಡದೆ ತಲೆ ಅಲ್ಲಾಡಿಸಿ, "ಆನಿ?" ಎಂದಳು. ಬೇಡವೇ ಎಂದರ್ಥ. "ಆನಿ," ಎಂದೆ ನಾನು. ಆಮೇಲೆ ತನ್ನ ಶೀಶೆಯ ನೀರನ್ನು ತೋರಿಸಿ "ಮುಲ್" ಎಂದಳು. ನೀರು. ಹೀಗೆ ಸೆರಗಿನಲ್ಲಿ ಇನ್ನೆರಡು ಗಂಟು ಬಿದ್ದವು. ನಮ್ಮ ಮನೆಯವರು ನೋಡಿ ನಕ್ಕರು: "ಹಿಂಗ ಕಲ್ತುಕೋತ ಹೋದ್ರ ಸೀರಿ ಉಡಾಕ ಉಳಿಯಂಗಿಲ್ಲ, ನೋಡು."

ಕೆಸೊಂಗ್

ಬೇರಿನ ಸಾಹುಕಾರರ ಹೆಸರು ಪಾಕ್. ನಮ್ಮ ಉರ್ದುವಿನಲ್ಲಿ ಅದಕ್ಕೆ ಶುದ್ಧ ಎಂದರ್ಥವಾದ್ದರಿಂದ ನಮ್ಮ ಮನೆಯವರಿಗೆ ಅವರ ಮೇಲೆ ಮೊದಲ ದಿನವೇ ನಂಬಿಕೆ ಬಂತು. ಇಬ್ಬರೂ ಮುರುಕು ಇಂಗ್ಲಿಷಿನಲ್ಲಿ ವ್ಯವಹಾರ ಮಾಡಿಕೊಂಡರು. ನಾವು ಮೀನು ಮಾಂಸ ಮುಟ್ಟುವುದಿಲ್ಲ ಎಂದು ತಿಳಿದ ಮೇಲೆ ಪಾಕ್ ಸಾಹೇಬರು ನಮ್ಮನ್ನು ತಮ್ಮ ದೂರದ ಸಂಬಂಧಿಯೊಬ್ಬರ ಮನೆಯಲ್ಲಿ ಇಳಿಸಿದರು. ನಮ್ಮ ಊಟಕ್ಕೆ ಬೇಕಾದ ಅಕ್ಕಿಯನ್ನು ತಾವೇ ಕಳಿಸುವುದಾಗಿ ಹೇಳಿದರು.

ಮನೆಯಲ್ಲಿದ್ದದ್ದು ವಿಧವೆ ಮುದುಕಿ ಒಬ್ಬರೇ. ಮೈಗೆ ಬಿಳಿ ಬಟ್ಟೆ, ತಲೆ ಬಾಚಿ ಕಟ್ಟಿದ ಪುಟ್ಟ ತುರುಬು, ನೆಟ್ಟಗಿನ ಬೆನ್ನು. ಅವರನ್ನು 'ಹಾಲ್ಮೊನಿ' ಎಂದು ಕರೆಯಬೇಕು, ಅಜ್ಜಿ ಎಂದರ್ಥ ಎಂದು ಪಾಕ್ ಸಾಹೇಬರು ಹೇಳಿಕೊಟ್ಟರು. ಹೆಸರಿನಲ್ಲೇ ಹಾಲಿದೆಯಲ್ಲ ಎಂದು ನನಗೆ ಹಿಡಿಸಿತು.

ಜೋಡು ಹೊರಗೆ ಬಿಡುವುದು, ನೆಲದ ಮೇಲೆ ಕೂತು ಉಣ್ಣುವುದು, ಹೆಂಗಸರು ತಲೆಯ ಮೇಲೆ ಬುಟ್ಟಿ ಹೊರುವುದು, ಗಂಡನ ಹೆಸರು ಹೇಳದಿರುವುದು, ಇವೆಲ್ಲ ನಮ್ಮ ಹಾಗೆಯೇ. ಬೆಳಗ್ಗೆ ಎದುರಾದವರು ಕೇಳುವುದೂ ನಮ್ಮ 'ಊಟ ಆತೇನ್ರಿ?' ಎಂಬ ಮಾತನ್ನೇ. "ಬಾಪ್ ಮೊಗೊಸ್ಸೊ?" ಬಾಪ್ ಎಂದರೆ ಅನ್ನ. ನಮ್ಮ ಬಜಾರಿನಲ್ಲಿ ಬಾಪ್ ಎಂದರೆ ತಂದೆ, ಹಾಗಾಗಿ ಅನ್ನ ಕೇಳುವಾಗಲೆಲ್ಲ ನನಗೆ ನಗು ಬರುತ್ತಿತ್ತು. ನೆಲ ಮಾತ್ರ ಬೇರೆ. ಅಡುಗೆಮನೆಯ ಒಲೆಯ ಹೊಗೆಯನ್ನು ಕೋಣೆಯ ನೆಲದ ಕೆಳಗೆ ಹಾಯಿಸಿ ನೆಲವನ್ನೇ ಬೆಚ್ಚಗೆ ಇಡುತ್ತಾರೆ. ಕಲಬುರ್ಗಿಯ ಬೇಸಿಗೆಯಲ್ಲಿ ನೆಲಕ್ಕೆ ನೀರು ಚಿಮುಕಿಸಿ ಮಲಗುವ ನಮಗೆ, ಬಿಸಿ ಹಂಚಿನ ಮೇಲೆ ದುಡ್ಡು ಕೊಟ್ಟು ಮಲಗಿದಂತೆ ಆಯಿತು.

ಊಟ ಚಿಕ್ಕ ಮಣೆಯ ಮೇಲೆ ಬರುತ್ತಿತ್ತು. ಹಿತ್ತಾಳೆಯ ಬೋಗುಣಿಯಲ್ಲಿ ಅನ್ನ, ಸುತ್ತ ಪುಟ್ಟ ಬಟ್ಟಲುಗಳಲ್ಲಿ ಮೊಳಕೆಕಾಳು, ಎಳ್ಳೆಣ್ಣೆ ಹಾಕಿದ ಸೊಪ್ಪು, ಉಪ್ಪಿನಲ್ಲಿ ಹಾಕಿದ ಮೂಲಂಗಿ. ಮೀನಿನ ವಾಸನೆಯೂ ಇಲ್ಲ. ಹಾಲ್ಮೊನಿ ಎಷ್ಟು ಮುತುವರ್ಜಿ ವಹಿಸಿದ್ದರೆಂದರೆ ನನ್ನ ರೊಟ್ಟಿ ಹಿಟ್ಟಿನ ಚೀಲ ಬಿಚ್ಚುವುದೇ ಬೇಕಾಗಲಿಲ್ಲ. ಲಿಂಗಪೂಜೆ ಮಾಡಿಕೊಂಡು ಕೂತು, ಅತ್ತೆಯ ಮಾತಿನಂತೆ ಒಂದು ಅಗಳೂ ಬಿಡದೆ ಉಂಡೆವು. ನಮ್ಮ ಪದ್ಧತಿಯಂತೆ ಬೋಗುಣಿಗೆ ನೀರು ಹಾಕಿ, ಬೆರಳಾಡಿಸಿ ತೊಳೆದು, ಆ ನೀರನ್ನೂ ಕುಡಿದೆವು. ಬೋಗುಣಿ ಫಳಫಳ ಹೊಳೆಯುತ್ತಿತ್ತು. ಹಾಲ್ಮೊನಿ ಬಂದು ಅದನ್ನು ನೋಡಿದರು. ಬಗ್ಗಿ ಇನ್ನೊಮ್ಮೆ ನೋಡಿದರು. ನಮ್ಮತ್ತೆ ಇದ್ದಿದ್ದರೆ ಹೆಮ್ಮೆಪಡುತ್ತಿದ್ದರು ಎಂದುಕೊಂಡೆ.

ಮರುದಿನ ಅನ್ನ ಬೋಗುಣಿಯ ಕಂಠದ ಮೇಲೆ ಬಂದಿತ್ತು. ಅದನ್ನೂ ಮುಗಿಸಿದೆವು. ಅದರ ಮರುದಿನ ಗೋಪುರವಾಗಿತ್ತು. ನಮ್ಮ ಮನೆಯವರು ಏದುಸಿರು ಬಿಡುತ್ತ, "ಈ ತಾಯಿಗಿ ನಮ್ಮ ಮ್ಯಾಲ ಎಷ್ಟು ಪ್ರೀತಿ, ನೋಡು," ಎಂದು ಅದನ್ನೂ ಇಳಿಸಿದರು. ನಾವು ಬಿಡುವಂತಿಲ್ಲ, ಅವರು ಹಾಕುವುದು ಬಿಡುವಂತಿಲ್ಲ. ಆ ನಾಡಿನಲ್ಲಿ ಸಾಕು ಎನ್ನುವುದಕ್ಕೆ 'ಕುಮಾನ್' ಎಂದು ಒಂದು ಮಾತಿದೆ. ಅದು ನನಗೆ ಆಗ ಗೊತ್ತಿದ್ದರೆ ಈ ಬರಹದ ಅರ್ಧ ಇರುತ್ತಿರಲಿಲ್ಲ.

ಜ್ವರ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನಮಗೆ ಅಲ್ಲಿ ಎರಡೂ ಗೊತ್ತಿರಲಿಲ್ಲ. ತುಂಬಿದ ಹೊಟ್ಟೆಯಲ್ಲಿ ಬೇರಿನ ಹೊಲ ನೋಡಲು ಹಿಮದಲ್ಲಿ ಹೋಗಿ ಬಂದ ನಮ್ಮ ಮನೆಯವರು ಸಂಜೆಗೆ ಹಾಸಿಗೆ ಹಿಡಿದರು. ಮೈ ಕೆಂಡ. ಹೊಟ್ಟೆ ಹಿಡಿದುಕೊಂಡು ಹೊರಳಾಡಿದರು. ಹಾಲ್ಮೊನಿ ಅವರ ಹೊಟ್ಟೆ ಮುಟ್ಟಿ "ಆಪಾ?" ಎಂದು ಕೇಳಿದರು. ನೋಯುತ್ತದೆಯೇ ಎಂದು. ನಮ್ಮ 'ಅಪಾಯ'ದ ಹಾಗೆ ಕೇಳಿಸಿದ ಆ ಮಾತು ನನಗೆ ಹೇಳಿಕೊಡಬೇಕಾಗಲಿಲ್ಲ.

ಪಾಕ್ ಸಾಹೇಬರು ವೈದ್ಯರನ್ನು ಕರೆತಂದರು. ವೈದ್ಯರು ನಾಡಿ ಹಿಡಿದು, ಕಪ್ಪು ಕಷಾಯ ಕೊಟ್ಟು, ಜ್ವರ ಇಳಿಯುವ ತನಕ ಇವರನ್ನು ಈ ಬೆಚ್ಚಗಿನ ನೆಲದಿಂದ ಅಲ್ಲಾಡಿಸಕೂಡದು ಎಂದರಂತೆ. ಕಷಾಯದಲ್ಲಿ ಇನ್ಸಾಮ್ ಇತ್ತು. ಜೀವಮಾನವೆಲ್ಲ ಊರಿಗೆ ಬೇರು ಮಾರಿದವರು ಕಣ್ಣು ಮುಚ್ಚಿಕೊಂಡೇ, "ಸ್ವಲ್ಪ ಹಳೇ ಮಾಲು," ಎಂದು ಗೊಣಗಿದರು. ಅದೊಂದೇ ನನಗೆ ಧೈರ್ಯ ಕೊಟ್ಟ ಮಾತು.

ಆದರೆ ಬೇರೊಂದು ಭಯ ಶುರುವಾಗಿತ್ತು. ಹಾಲ್ಮೊನಿಯ ಮುಖ ದಿನದಿನಕ್ಕೆ ಬಾಡುತ್ತಿತ್ತು. ಉಂಡ ಮಣೆ ಎತ್ತಿಕೊಳ್ಳುವಾಗ ಬೋಗುಣಿ ನೋಡಿ ಉಸಿರು ಬಿಡುವರು. ಗಂಡ ಗಂಜಿಯನ್ನೂ ಒಲ್ಲೆ ಎನ್ನುತ್ತಿದ್ದುದರಿಂದ ಅವರ ಪಾಲನ್ನೂ ನಾನೇ ಅಳುತ್ತ ಮುಗಿಸಿ, ತೊಳೆದು ಕುಡಿದು ಕಳಿಸುತ್ತಿದ್ದೆ. ಒಂದು ಮಧ್ಯಾಹ್ನ ಹಾಲ್ಮೊನಿ ಬಾಗಿಲಲ್ಲಿ ಪಾಕ್ ಸಾಹೇಬರನ್ನು ನಿಲ್ಲಿಸಿ ತಗ್ಗಿದ ದನಿಯಲ್ಲಿ ಬಹಳ ಹೊತ್ತು ಏನೋ ಹೇಳಿದರು. ನಮ್ಮ ಕೋಣೆಯ ಕಡೆ ಕೈ ತೋರಿಸಿದರು. ಸಾಹೇಬರು ತಲೆ ಕೆಳಗೆ ಹಾಕಿದರು. ರೋಗಿಯನ್ನು ಮನೆಯಲ್ಲಿ ಇಟ್ಟುಕೊಳ್ಳಲು ಯಾರಿಗೆ ಬೇಕು? ಈ ಹಿಮದಲ್ಲಿ ಹೊರಗೆ ಹಾಕಿದರೆ ಇವರನ್ನು ಎತ್ತಿಕೊಂಡು ಎಲ್ಲಿಗೆ ಹೋಗಲಿ? 'ಹಂಗ ಕರಕೊಂಡು ಬಾ' ಎಂದ ಅತ್ತೆಯ ಮುಂದೆ ಯಾವ ಮುಖ ಹೊತ್ತು ನಿಲ್ಲಲಿ?

ಆಗ ನಾನು ಗಂಟುಗಳ ಮೇಲೆ ಗಂಟು ಹಾಕತೊಡಗಿದೆ. ಆ ಮುದುಕಿಯ ಮನಸ್ಸು ಗೆಲ್ಲಲು ನನ್ನ ಬಳಿ ಮಾತಲ್ಲದೆ ಬೇರೇನಿತ್ತು? ಕಸಬರಿಗೆ, ಕೊಡ, ಬೂದಿ ಯಾವುದಕ್ಕೆ ಕೈ ತೋರಿಸಿದರೂ ಹೆಸರು ಹೇಳುತ್ತಿದ್ದರು. ಸೊಗುಮ್ ಉಪ್ಪು, ಕೊಚು ಮೆಣಸಿನಕಾಯಿ. ಔಷಧಕ್ಕೆ 'ಯಾಕ್' ಎನ್ನುತ್ತಾರೆಂದು ತಿಳಿದಾಗ, ಅಳುತ್ತ 'ಯಾಕ, ಶಿವನೇ' ಎಂದಾಗಲೆಲ್ಲ ಅವರು ಕಷಾಯದ ಬಟ್ಟಲು ಏಕೆ ತರುತ್ತಿದ್ದರೆಂದು ಗೊತ್ತಾಯಿತು. ಉಪಕಾರ ನೆನೆಯುವುದಕ್ಕೆ 'ಕೊಮಾಪ್ಸುಮ್ನಿದಾ' ಎಂಬ ಮಾರುದ್ದದ ಮಾತು. ನಮ್ಮಲ್ಲಿ ಅಂಥದ್ದೊಂದು ಮಾತನ್ನು ದಿನಾ ಆಡುವ ರೂಢಿಯಿಲ್ಲ. ನೀರು ಕೊಟ್ಟವರಿಗೆ 'ಹೊಟ್ಟಿ ತಣ್ಣಗಾತು' ಎಂದರೆ ಮುಗಿಯಿತು. ಅಲ್ಲಿ ನಾನು ಬೋಗುಣಿ ತೊಳೆದು ಕೊಡುವಾಗಲೆಲ್ಲ ಆ ಮಾರುದ್ದದ ಮಾತನ್ನು ಹೇಳಿ ಕೈಮುಗಿಯುತ್ತಿದ್ದೆ. ಹಾಲ್ಮೊನಿ "ಕ್ವೆಂಚಾನಾ" ಎನ್ನುವರು. ಇರಲಿ ಬಿಡು, ಪರವಾ ಇಲ್ಲ ಎಂದರ್ಥ. ಹೇಳುವಾಗ ಅವರ ಕಣ್ಣು ಮಾತ್ರ ಬೋಗುಣಿಯ ಮೇಲೆಯೇ ಇರುತ್ತಿತ್ತು.

ಹೊಸ್ತಿಲಿನ ಒಳಗೆ

ಇಷ್ಟು ದಿನವೂ ನಾನು ಅವರ ಅಡುಗೆಮನೆಯ ಹೊಸ್ತಿಲು ದಾಟಿರಲಿಲ್ಲ. ನಮ್ಮ ಮನೆಯಲ್ಲಿ ಹೊರಗಿನವರು ಒಲೆಯ ಹತ್ತಿರ ಹೋಗುವಂತಿಲ್ಲ, ಅವರಲ್ಲೂ ಹಾಗೆಯೇ ಇರಬೇಕೆಂದು ಹೊರಗೇ ನಿಂತು ಕೂಗುತ್ತಿದ್ದೆ. ಅವತ್ತು ಮಧ್ಯಾಹ್ನ ಗಂಡನಿಗೆ ಚಳಿ ಹತ್ತಿ ಹಲ್ಲು ಕಟಕಟ ಎನ್ನತೊಡಗಿದವು. ಊಟದ ಮಣೆ ಬಂದು ಹಾಗೆಯೇ ಕೂತಿತ್ತು, ಮುಟ್ಟಿರಲಿಲ್ಲ. "ಹಾಲ್ಮೊನಿ, ತುಗವುನ್ ಮುಲ್!" ಎಂದು ಬಿಸಿನೀರಿಗಾಗಿ ಕೂಗಿದೆ. ಉತ್ತರ ಬರಲಿಲ್ಲ. ಅಡುಗೆಮನೆ ಅಲ್ಲಿ ಕೋಣೆಗಿಂತ ಒಂದು ಮೆಟ್ಟಿಲು ಕೆಳಗೆ. ಗಾಬರಿಯಲ್ಲಿ ಇಳಿದುಬಿಟ್ಟೆ.

ಹಾಲ್ಮೊನಿ ಒಲೆಯ ಪಕ್ಕ ಕುಕ್ಕರಗಾಲಿನಲ್ಲಿ ಕೂತಿದ್ದರು. ಎದುರಿಗೆ ಬೆಳಗ್ಗೆ ನಾವು ಉಂಡು ಕಳಿಸಿದ ಮಣೆ. ಅದರ ಮೇಲೆ ನಮ್ಮ ಎರಡು ಬೋಗುಣಿ, ಕನ್ನಡಿಯ ಹಾಗೆ ಹೊಳೆಯುತ್ತ. ಅವರ ಕೈಯಲ್ಲಿ ಚಮಚ. ಅನ್ನ ಬೇಯಿಸಿದ ಕಬ್ಬಿಣದ ಪಾತ್ರೆಗೆ ಬಿಸಿನೀರು ಹಾಕಿ, ತಳ ಹಿಡಿದ ಸೀಕನ್ನು ಕೆರೆದು ಆ ನೀರನ್ನು ಕುಡಿಯುತ್ತಿದ್ದರು. ನನ್ನನ್ನು ನೋಡಿದ್ದೇ ಚಮಚವನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡರು.

ಆ ಕೈ ಹಿಂದೆ ಹೋದ ರೀತಿ ನನಗೆ ಗೊತ್ತಿತ್ತು. ಗಾಜಿಪುರದ ಮನೆಯಲ್ಲಿ ಎಲ್ಲರ ಊಟ ಆದ ಮೇಲೆ ಅತ್ತೆ ಒಬ್ಬರೇ ಒಲೆಯ ಮುಂದೆ ಕೂರುತ್ತಾರೆ. ಪಲ್ಯ ಮುಗಿದಿದ್ದರೆ ಒಣರೊಟ್ಟಿಗೆ ಉಪ್ಪು ಹಚ್ಚಿಕೊಂಡು ತಿನ್ನುತ್ತಾರೆ. ಯಾರಾದರೂ ಒಳಗೆ ಬಂದರೆ ರೊಟ್ಟಿಯನ್ನು ಸೆರಗಿನಲ್ಲಿ ಮರೆಮಾಡಿ, "ನಂದು ಊಟ ಆಗ್ಯಾದ," ಎನ್ನುತ್ತಾರೆ. ನಾನು ಅವರ ಸೊಸೆ, ನನಗೂ ಗಂಡಸರು ಉಂಡ ಮೇಲೆ ಪಾತ್ರೆಯಲ್ಲಿ ಉಳಿದದ್ದನ್ನೇ ಬಡಿಸಿಕೊಂಡು ರೂಢಿ.

ಯಾವ ಮಾತೂ ಬೇಕಾಗಲಿಲ್ಲ. ಈ ಮನೆಯ ಅನ್ನವೆಂದರೆ ಅತಿಥಿಗಳಿಗೆಂದು ಬಂದ ಅಕ್ಕಿ. ಅತಿಥಿ ಉಣ್ಣುವ ಮೊದಲು ಮನೆಯವರು ಅದರಲ್ಲಿ ಕೈ ಇಡುವುದಿಲ್ಲ. ಅತಿಥಿ ಮರ್ಯಾದೆಗೆ ಒಂದಿಷ್ಟು ಬಿಡುತ್ತಾನೆ, ಮಣೆ ಒಳಗೆ ಬರುತ್ತದೆ, ಉಳಿದದ್ದನ್ನು ಮನೆಯವರು ಉಣ್ಣುತ್ತಾರೆ. ಏನಾದರೂ ತಿರುಗಿ ಬರಲಿ ಎಂದೇ ಅವರು ಗೋಪುರ ಕಟ್ಟುತ್ತ ಹೋದರು, ನಾವು ಮಾನ ಉಳಿಸಿಕೊಳ್ಳಲೆಂದು ಗೋಪುರ ಕೆಡವುತ್ತ ಹೋದೆವು. ನಾವು ಆ ತಾಯಿಯ ಊಟವನ್ನು ಉಂಡು, ತೊಳೆದು ಕುಡಿದು, ಕೈಮುಗಿದು ಖಾಲಿ ಬೋಗುಣಿ ಕೊಡುತ್ತಿದ್ದೆವು. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೊಟ್ಟೆ ಉರಿಯಿತು.

ಬಿಸಿನೀರು ತೆಗೆದುಕೊಂಡು ಹೋಗಿ ಗಂಡನಿಗೆ ಕುಡಿಸಿ ಹೊದಿಸಿದೆ. ಮುಟ್ಟದ ಮಣೆಯನ್ನು ಎತ್ತಿಕೊಂಡು ಮತ್ತೆ ಅಡುಗೆಮನೆಗೆ ಇಳಿದೆ. ಬಿಡುವುದು ನಮಗೆ ಪಾಪ, ಎಂಜಲು ಕೊಡುವುದು ಇನ್ನೂ ಪಾಪ. ಆದ್ದರಿಂದ ಉಣ್ಣುವ ಮೊದಲೇ ಅನ್ನವನ್ನು ಎರಡು ಬೋಗುಣಿಗೆ ಸರಿಯಾಗಿ ಹಂಚಿ ಒಂದನ್ನು ಅವರ ಮುಂದೆ ಇಟ್ಟೆ.

"ಆನಿ! ಆನಿ!" ಹಾಲ್ಮೊನಿ ಎರಡೂ ಕೈಯಿಂದ ದೂಡಿದರು.

ಮುಂದಿನ ಮಾತು ನನ್ನ ಗಂಟುಗಳಲ್ಲಿ ಇರಲಿಲ್ಲ. ಸಿಟ್ಟಿನಲ್ಲಿ 'ನೀವು' ಕೂಡ ಮರೆತು ಕನ್ನಡವೇ ಬಂತು: "ನೀ ಉಣ್ಣದ ನಾ ಉಣ್ಣಂಗಿಲ್ಲ ನೋಡು, ಎವ್ವಾ. ನೀ ಉಪಾಸ, ನಾ ಉಪಾಸ!" ಅವರ ಎದೆಗೊಮ್ಮೆ ನನ್ನ ಎದೆಗೊಮ್ಮೆ ಬೆರಳು ತೋರಿಸಿದೆ.

ಹಾಲ್ಮೊನಿ ಕಣ್ಣರಳಿಸಿದರು. ಅವರ ಮಾತಿನಲ್ಲೂ ನಾ ಎಂದರೆ ನಾನೇ, ನೀ ಎಂದರೆ ನೀನೇ. ಆದರೆ ಹಿರಿಯರಿಗೆ ಹಾಗೆ ಅನ್ನಬಾರದಂತೆ, ಮಕ್ಕಳಿಗೆ ಮಾತ್ರ ಅನ್ನುವುದಂತೆ. ನಮ್ಮಲ್ಲಿ ಅತ್ತೆಗೆ ನೀವು ಎನ್ನುತ್ತೇವೆ, ಹೆತ್ತವ್ವಗೆ ನೀ ಎನ್ನುತ್ತೇವೆ. ಅದನ್ನು ಅವರಿಗೆ ಹೇಗೆ ವಿವರಿಸಲಿ? ವಿವರಿಸಬೇಕಾಗಲಿಲ್ಲ. ಅವರು ಒಮ್ಮೆ ನನ್ನ ಮುಖ ನೋಡಿ, ಬೆನ್ನ ಹಿಂದಿನ ಚಮಚವನ್ನು ಮುಂದಕ್ಕೆ ತಂದರು. ನನ್ನ ಚಮಚದ ಪಕ್ಕಕ್ಕೆ ಅದನ್ನು ಜೋಡಿಸಿ ಹಿಡಿದು ಕೇಳಿದರು:

"ಕಾಚಿ?"

ಕೂಡಿ, ಜೊತೆಗೆ ಎಂದು ಅದರ ಅರ್ಥ.

"ಕಾಚಿ," ಎಂದೆ. ಇಬ್ಬರೂ ಒಲೆಯ ಮುಂದೆ ಕೂತು ಉಂಡೆವು. ಉಂಡಾದ ಮೇಲೆ ನಾನು ಬೋಗುಣಿ ತೊಳೆದು ನೀರು ಕುಡಿದೆ. ಹಾಲ್ಮೊನಿಯೂ ನನ್ನನ್ನು ನೋಡಿಕೊಂಡು ತಮ್ಮದರಲ್ಲಿ ಬೆರಳಾಡಿಸಿ ಕುಡಿದರು. ಆಮೇಲೆ ಅವರಿಗೆ ನಗು ತಡೆಯಲಾಗಲಿಲ್ಲ, ನನಗೂ ಆಗಲಿಲ್ಲ.

ಕೋಣೆಯಿಂದ ಒಂದು ಕ್ಷೀಣ ದನಿ ಬಂತು: "ಅಲ್ಲೇನ್ ನಗಾಕತ್ತೀರಿ? ಇಲ್ಲೊಬ್ಬ ಸಾಯಾಕತ್ಯಾನ. ಖಾರ ಏನರ ಅದ ಏನ್?"

ನಮ್ಮ ಕಡೆಯ ಗಂಡಸು ಖಾರ ಕೇಳಿದನೆಂದರೆ ಬದುಕಿದ ಎಂದೇ ಲೆಕ್ಕ. ಮುದುಕಿಯನ್ನು ಅಪ್ಪಿಕೊಂಡು ಅತ್ತುಬಿಟ್ಟೆ. ಅವರು ನನ್ನ ಬೆನ್ನು ತಟ್ಟುತ್ತ "ಕ್ವೆಂಚಾನಾ, ಕ್ವೆಂಚಾನಾ," ಎಂದರು. ಈ ಸಲ ಅವರ ಕಣ್ಣು ನನ್ನ ಮೇಲಿತ್ತು.

ಅಂದಿನಿಂದ ಅಡುಗೆ ಇಬ್ಬರದೂ. ನನ್ನ ಶೇಂಗಾ ಚಟ್ನಿಪುಡಿ ಅವರ ಗಂಜಿಗೆ ಬಿತ್ತು, ಅವರ ಎಳ್ಳೆಣ್ಣೆ ನನ್ನ ಖಡಕ್ ರೊಟ್ಟಿಗೆ ಬಿತ್ತು. ನಮ್ಮ ಮನೆಯವರು ಎದ್ದು ಓಡಾಡುವಂತಾದಾಗ ಮಣೆ ಕೋಣೆಗೆ ಹೋಗುವುದನ್ನು ನಾನೇ ನಿಲ್ಲಿಸಿದೆ. ಅವರು ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು, ಮದುವೆಯ ಮನೆಯಲ್ಲಿ ಹೆಂಗಸರ ಪಂಕ್ತಿಗೆ ತಪ್ಪಿ ಬಂದವರ ಹಾಗೆ ತಲೆ ತಗ್ಗಿಸಿ ಉಂಡರು.

ಪಾಕ್ ಸಾಹೇಬರು ಬಂದಾಗ ಎಲ್ಲ ಬಯಲಾಯಿತು. ಹಾಲ್ಮೊನಿ ಅವತ್ತು ಬಾಗಿಲಲ್ಲಿ ನಮ್ಮನ್ನು ಹೊರಗೆ ಹಾಕುವ ಮಾತು ಆಡಿರಲಿಲ್ಲ. 'ನಿನ್ನ ಅತಿಥಿಗಳಿಗೆ ಹೊಟ್ಟೆ ತುಂಬುತ್ತಿಲ್ಲ, ಅಕ್ಕಿ ಹೆಚ್ಚು ಕಳಿಸು' ಎಂದಿದ್ದರಂತೆ. ತಮ್ಮ ಹಸಿವಿನ ಮಾತನ್ನು ಆಡಲೇ ಇಲ್ಲವಂತೆ. ಅಲ್ಲಿಯ ಬೆಟ್ಟದ ಮಠಗಳಲ್ಲಿ ಸನ್ಯಾಸಿಗಳು ಮಾಂಸ ಮುಟ್ಟುವುದಿಲ್ಲ, ಬಟ್ಟಲು ತೊಳೆದು ಕುಡಿಯುತ್ತಾರೆ. ನಾವೂ ಅಂಥ ವ್ರತದವರೆಂದು, ವ್ರತದವರ ಊಟಕ್ಕೆ ಎದುರಾಡಬಾರದೆಂದು ಸುಮ್ಮನಿದ್ದರಂತೆ.

"ಸನ್ಯಾಸಿಗೋಳು ಹೇಂತಿ ಕರಕೊಂಡು ಅಡ್ಡಾಡ್ತಾರೇನು, ಕೇಳ್ರಿ ಅವರಿಗಿ," ಎಂದೆ ನಾನು. ನಮ್ಮ ಮನೆಯವರು ಅದನ್ನು ಇಂಗ್ಲಿಷಿಗೆ ತಿರುಗಿಸಲಿಲ್ಲ.

ಹೊರಡುವ ದಿನ ಹಾಲ್ಮೊನಿ ಬೀದಿಯ ತಿರುವಿನ ತನಕ ಬಂದರು. ಅತಿಥಿಗಳನ್ನು ಬೀಳ್ಕೊಡಲು ಅವರಲ್ಲಿ ಸುಖವಾಗಿ ಹೋಗಿರಿ ಎಂಬ ಉದ್ದನೆಯ ಮಾತೊಂದಿದೆ, ಅದನ್ನು ನಾನು ಕಲಿತಿದ್ದೆ. ನಮ್ಮ ಮನೆಯವರಿಗೆ ಅದನ್ನೇ ಹೇಳಿದರು. ನನಗೆ ಹೇಳಲಿಲ್ಲ. ನನ್ನ ಸೆರಗಿನ ತುದಿ ಹಿಡಿದು, ಆ ಗಂಟುಗಳ ಮೇಲೆ ಕೈಯಾಡಿಸಿ, "ದಾನ್ಯೊವಾ," ಎಂದರು. ಗಾಡಿಯಲ್ಲಿ ಪಾಕ್ ಸಾಹೇಬರನ್ನು ಅರ್ಥ ಕೇಳಿದೆ. ಮನೆಯ ಮಕ್ಕಳು ಹೊರಗೆ ಹೋಗುವಾಗ ಹೇಳುವ ಮಾತಂತೆ ಅದು. ಹೋಗಿ ಬಾ ಎಂದು.

ಗಾಜಿಪುರ

ಸ್ಟೇಶನ್ನಿನಲ್ಲಿ ಅತ್ತೆ ಮಗನ ಗಲ್ಲ, ತೋಳು, ಬೆನ್ನು ಎಲ್ಲ ಮುಟ್ಟಿ ನೋಡಿದರು. "ಜರಾ ಸೊರಗ್ಯಾನ," ಎಂದು ನನ್ನತ್ತ ತಿರುಗಿ, "ಇರಲಿ, ಕರಕೊಂಡು ಬಂದಿ," ಎಂದರು. ನಮ್ಮತ್ತೆಯ ಬಾಯಲ್ಲಿ ಇದು ಮಾರುದ್ದದ ಕೊಮಾಪ್ಸುಮ್ನಿದಾಕ್ಕಿಂತ ದೊಡ್ಡದು.

ಮರುದಿನ ಮಧ್ಯಾಹ್ನ ಗಂಡಸರ ಊಟವಾಯಿತು. ಕಮಲಾಪುರದಿಂದ ಅವ್ವ ಕಳಿಸಿದ ಕೆಂಪು ಬಾಳೆಹಣ್ಣನ್ನೂ ಹಂಚಿ ಆಯಿತು. ಅತ್ತೆ "ನೀ ಉಣ್ಣು ಹೋಗು, ನಂದು ಆಮ್ಯಾಲ," ಎಂದು ಒಲೆಯ ಮುಂದೆ ಸರಿದರು. ನಾನು ಎರಡು ತಾಟು ತಂದೆ. ಇದ್ದ ರೊಟ್ಟಿ, ಇದ್ದ ಪಲ್ಯವನ್ನು ಎರಡಕ್ಕೂ ಸಮನಾಗಿ ಬಡಿಸಿ, ಒಂದನ್ನು ಅವರ ಮುಂದಿಟ್ಟು ಎದುರಿಗೇ ಕೂತೆ.

"ಇದೇನ ಹೊಸಾ ಶಾಣ್ಯಾತನ?"

ಆಗ ಹಾಲ್ಮೊನಿಯ ಕಥೆ ಹೇಳಿದೆ. ಅನ್ನದ ಗೋಪುರ, ಹೊಳೆಯುವ ಬೋಗುಣಿ, ಬೆನ್ನ ಹಿಂದೆ ಹೋದ ಚಮಚ. ಅತ್ತೆ ಮೊದಲು ನಕ್ಕರು. ಚಮಚದ ಮಾತು ಬಂದಾಗ ನಗು ನಿಂತಿತು. ಆಮೇಲೆ, "ಪಾಪ, ನನ್ನ ಮಾತು ಕೇಳಿ ನೀವು ಆ ತಾಯಿನ್ನ ಉಪಾಸ ಕೆಡವಿದ್ರಿ," ಎಂದು ಕಣ್ಣೊರೆಸಿಕೊಂಡರು. ತಮ್ಮ ವಯಸ್ಸಿನ, ಎಂದೂ ನೋಡದ ಆ ಹೆಂಗಸಿಗಾಗಿ ಅತ್ತರೋ, ತಮಗಾಗಿ ಅತ್ತರೋ ನಾನು ಕೇಳಲಿಲ್ಲ. ತಾಟನ್ನು ಹತ್ತಿರ ಎಳೆದುಕೊಂಡು, ಬಿಸಿ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡರು. ಆ ಮನೆಗೆ ನಾನು ಬಂದ ಮೇಲೆ ಅವರು ಇನ್ನೊಬ್ಬರ ಎದುರು ಉಂಡದ್ದನ್ನು ನೋಡಿದ್ದು ಅದೇ ಮೊದಲು.

"ಏನಂತಿದ್ಳು ಅಕಿ? ಇನ್ನೊಮ್ಮಿ ಹೇಳು."

"ಕಾಚಿ."

ಅವರು ಬಾಯೊಳಗೇ ಹೇಳಿ ನೋಡಿಕೊಂಡರು.

ಮಾರನೆಯ ದಿನ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದೆ. ಗಂಡಸರು ಇನ್ನೂ ಅಂಗಡಿಯಿಂದ ಬಂದಿರಲಿಲ್ಲ. ಒಳಗೆ ತಾಟು ಇಡುವ ಸಪ್ಪಳ ಎರಡು ಸಲ ಕೇಳಿಸಿತು. ಆಮೇಲೆ ಓಣಿಗೆಲ್ಲ ಕೇಳುವಂತೆ ನಮ್ಮತ್ತೆಯ ದನಿ:

"ಏ ಹುಡುಗಿ, ರೊಟ್ಟಿ ಆರ್ತಾವ. ಕಾಚಿ!"